ಧರ್ಮಗುರುವಾಗಲು ಹೊರಟ ಡಾರ್ವಿನ್ ವಿಶ್ವಾಸ ಕಳೆದುಕೊಂಡದ್ದೇಕೆ?



ಬೀಜಾಡಿ, ಕೋಟೇಶ್ವರ, ಕುಂದಾಪುರದ ಸುತ್ತಮುತ್ತಲಿನ ನಮ್ಮ ಮನೆಗಳ ಮಕ್ಕಳು ಪಿಯುಸಿಗೆ ಹೋದಾಗ ಜೀವಶಾಸ್ತ್ರದ ಪಾಠದಲ್ಲಿ ಒಂದು ಹೆಸರನ್ನು ತಪ್ಪದೆ ಓದುತ್ತಾರೆ. ಅದು ಚಾರ್ಲ್ಸ್ ಡಾರ್ವಿನ್. ಜೀವಿಗಳೆಲ್ಲ ಕೋಟಿಗಟ್ಟಲೆ ವರ್ಷಗಳಲ್ಲಿ ಮಾರ್ಪಾಡಾಗುತ್ತಾ ಬಂದವು ಎಂದು ಅಲ್ಲಿ ಕಲಿಯುತ್ತಾರೆ. ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಷ್ಟಿಸಿದರೆಂದು ಭಾನುವಾರದ ಧರ್ಮೋಪದೇಶದಲ್ಲಿ ಕಲಿತದ್ದೂ ಅವರ ನೆನಪಿನಲ್ಲಿದೆ. ರಾತ್ರಿ ಜಪಸರ ಮುಗಿದು ಊಟಕ್ಕೆ ಕುಳಿತಾಗ, ಇವೆರಡರಲ್ಲಿ ಯಾವುದು ನಿಜವೆಂದು ಮಗ ಅಥವಾ ಮಗಳು ಕೇಳುತ್ತಾಳೆ. ಇಂತಹ ಪ್ರಶ್ನೆಗೆ ಹೆದರುವ ತಂದೆತಾಯಿಯರಿದ್ದಾರೆ. ಗದರಿಸಿ ಬಾಯಿ ಮುಚ್ಚಿಸುವವರೂ ಇದ್ದಾರೆ. ಡಾರ್ವಿನ್ ಎಂದರೆ ದೇವರ ವೈರಿ ಎಂದು ಹೇಳಿ ಮಾತು ಮುಗಿಸುವವರು ಇನ್ನೂ ಹಲವರು.

ಆದರೆ ಆ ಡಾರ್ವಿನ್ ಯಾರು? ಅವರು ಒಂದು ಕಾಲದಲ್ಲಿ ಧರ್ಮಗುರುವಾಗಲೆಂದೇ ಓದಿದವರು, ವಿಶ್ವಾಸಿ ಪತ್ನಿಯೊಡನೆ 43 ವರ್ಷ ಪ್ರೀತಿಯಿಂದ ಬಾಳಿದವರು, ಮಕ್ಕಳನ್ನು ಮಣ್ಣಿಗೆ ಕೊಟ್ಟ ತಂದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರ ಬಾಳನ್ನು ತಿಳಿದುಕೊಂಡರೆ ನಮ್ಮ ಮಕ್ಕಳ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವ ತಾಳ್ಮೆ ನಮಗೂ ಬರಬಹುದು.

ತಾಯಿಯಿಲ್ಲದ ಬಾಲಕ

ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ 1809ರ ಫೆಬ್ರವರಿ 12ರಂದು ಹುಟ್ಟಿದರು. ಆರು ಮಕ್ಕಳಲ್ಲಿ ಐದನೆಯವರು. ತಂದೆ ರಾಬರ್ಟ್ ಹೆಸರಾಂತ ವೈದ್ಯರು. ಹೊರಗೆ ತೋರಿಸಿಕೊಳ್ಳದಿದ್ದರೂ ಅವರಿಗೆ ಧರ್ಮದಲ್ಲಿ ನಂಬಿಕೆಯಿರಲಿಲ್ಲ. ತಾಯಿ ಸುಸಾನಾ ಭಕ್ತೆ. ತ್ರಿತ್ವವನ್ನು ಒಪ್ಪದ ಯೂನಿಟೇರಿಯನ್ ಪಂಥಕ್ಕೆ ಸೇರಿದವರು. ಮಗುವಿಗೆ ಆಂಗ್ಲಿಕನ್ ಸಭೆಯಲ್ಲಿ ಜ್ಞಾನಸ್ನಾನವಾಯಿತು. ಚಾರ್ಲ್ಸ್‌ಗೆ ಎಂಟು ವರ್ಷವಾದಾಗ, 1817ರಲ್ಲಿ, ತಾಯಿ ತೀರಿಕೊಂಡರು. ಅಕ್ಕಂದಿರೇ ಅವನನ್ನು ಸಾಕಿದರು.

ಚಿಪ್ಪು, ಕಲ್ಲು, ಹುಳುಗಳನ್ನು ಕೂಡಿಡುವುದೆಂದರೆ ಬಾಲಕನಿಗೆ ಬಲು ಪ್ರೀತಿ. ತಂದೆ ಅವನನ್ನು 1825ರಲ್ಲಿ ವೈದ್ಯಕೀಯ ಓದಲು ಎಡಿನ್‌ಬರೋಗೆ ಕಳುಹಿಸಿದರು. ನೋವು ತಿಳಿಯದಂತೆ ಪ್ರಜ್ಞೆ ತಪ್ಪಿಸುವ ಔಷಧ ಆಗ ಇನ್ನೂ ಬಂದಿರಲಿಲ್ಲ. ಒಂದು ಮಗುವಿಗೆ ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಅವರು ಅಲ್ಲಿಂದ ಓಡಿಬಂದರು. ಆ ದೃಶ್ಯ ಬಹಳ ಕಾಲ ಅವರನ್ನು ಕಾಡಿತು. ಎರಡು ವರ್ಷಗಳ ನಂತರ ವೈದ್ಯಕೀಯವನ್ನೇ ಬಿಟ್ಟರು. ಪರರ ನೋವನ್ನು ತಾಳಲಾರದ ಈ ಸ್ವಭಾವವನ್ನು ನಾವು ನೆನಪಿನಲ್ಲಿಡಬೇಕು. ಮುಂದೆ ಅವರ ವಿಶ್ವಾಸವನ್ನು ಪರೀಕ್ಷಿಸಿದ್ದೂ ಅದೇ.

ಧರ್ಮಗುರುವಾಗುವ ಓದು

ಮಗ ಹಾಳಾಗಬಾರದೆಂದು ತಂದೆ ಮತ್ತೊಂದು ದಾರಿ ತೋರಿಸಿದರು: ಆಂಗ್ಲಿಕನ್ ಸಭೆಯ ಪಾದ್ರಿಯಾಗುವುದು. ಚಾರ್ಲ್ಸ್ ಒಡನೆ ಒಪ್ಪಲಿಲ್ಲ. ಯೋಚಿಸಲು ಸಮಯ ಕೇಳಿದರು. ವಿಶ್ವಾಸಸಂಗ್ರಹದ ಮೇಲಿನ ಪುಸ್ತಕಗಳನ್ನು ಓದಿ, ಅದರಲ್ಲಿರುವುದನ್ನೆಲ್ಲ ತಾನು ಒಪ್ಪಬಲ್ಲೆನೆಂದು ಮನಸ್ಸಿಗೆ ತಂದುಕೊಂಡ ಮೇಲೆ 1828ರಲ್ಲಿ ಕೇಂಬ್ರಿಜ್‌ಗೆ ಹೋದರು. ಬೈಬಲಿನ ಪ್ರತಿಯೊಂದು ಮಾತೂ ಅಕ್ಷರಶಃ ಸತ್ಯವೆಂಬುದರಲ್ಲಿ ಆಗ ಅವರಿಗೆ ಸಂಶಯವಿರಲಿಲ್ಲ.

ಕೇಂಬ್ರಿಜ್‌ನಲ್ಲಿ ಅವರಿಗೆ ದೊರೆತ ಗುರುಗಳು ವಿಶ್ವಾಸಿಗಳೂ ವಿಜ್ಞಾನಿಗಳೂ ಆಗಿದ್ದರು. ಸಸ್ಯಶಾಸ್ತ್ರ ಕಲಿಸಿದ ಹೆನ್‌ಸ್ಲೋ ಪಾದ್ರಿ. ಭೂವಿಜ್ಞಾನ ಕಲಿಸಿದ ಸೆಜ್‌ವಿಕ್ ಕೂಡ ಪಾದ್ರಿಯೇ. ವಿಲಿಯಂ ಪೇಲಿ ಎಂಬ ಇನ್ನೊಬ್ಬ ಪಾದ್ರಿಯ ಪುಸ್ತಕಗಳನ್ನು ಡಾರ್ವಿನ್ ಬಹಳ ಮೆಚ್ಚಿ ಓದಿದರು. ಗಡಿಯಾರವನ್ನು ನೋಡಿದರೆ ಅದನ್ನು ಮಾಡಿದವನೊಬ್ಬ ಇದ್ದಾನೆಂದು ತಿಳಿಯುವಂತೆ, ಜೀವಿಗಳ ಅಚ್ಚುಕಟ್ಟನ್ನು ನೋಡಿದರೆ ದೇವರಿದ್ದಾರೆಂದು ತಿಳಿಯುತ್ತದೆ ಎಂಬುದು ಪೇಲಿಯವರ ವಾದ. ಡಾರ್ವಿನ್ ತಮ್ಮ ವಿಶ್ವಾಸವನ್ನು ಈ ವಾದದ ಮೇಲೆ ಕಟ್ಟಿಕೊಂಡರು. ವಾದದ ಮೇಲೆ ನಿಂತ ವಿಶ್ವಾಸ, ಆ ವಾದ ಅಲುಗಿದರೆ ತಾನೂ ಅಲುಗುತ್ತದೆ.

ಐದು ವರ್ಷಗಳ ಕಡಲ ಯಾನ

ಪದವಿ ಪಡೆದ ವರ್ಷವೇ, 1831ರ ಡಿಸೆಂಬರ್ 27ರಂದು, ಹೆನ್‌ಸ್ಲೋ ಅವರ ಶಿಫಾರಸಿನಿಂದ ಡಾರ್ವಿನ್ ಬೀಗಲ್ ಎಂಬ ಹಡಗನ್ನೇರಿದರು. ಕಪ್ತಾನ ಫಿಟ್ಜ್‌ರಾಯ್. ಯಾನ ಮುಗಿದದ್ದು 1836ರ ಅಕ್ಟೋಬರ್ 2ರಂದು. ಹಡಗಿನಲ್ಲಿ ನೀತಿಯ ಪ್ರಶ್ನೆ ಬಂದಾಗಲೆಲ್ಲ ಡಾರ್ವಿನ್ ಬೈಬಲಿನ ಮಾತನ್ನೇ ಪ್ರಮಾಣವಾಗಿ ಹೇಳುತ್ತಿದ್ದರು. ಅದಕ್ಕಾಗಿ ಕೆಲವು ಅಧಿಕಾರಿಗಳು ಅವರನ್ನು ನೋಡಿ ನಗುತ್ತಿದ್ದರಂತೆ. ಬ್ರೆಜಿಲಿನ ದಟ್ಟ ಕಾಡಿನಲ್ಲಿ ನಿಂತಾಗ ಅವರ ಮನಸ್ಸು ದೇವರ ಕಡೆಗೆ ಏರಿತು. ಅದೇ ದೇಶದಲ್ಲಿ ಗುಲಾಮರಿಗೆ ಕೊಡುತ್ತಿದ್ದ ಹಿಂಸೆಯನ್ನು ಕಂಡು, ತಮ್ಮನ್ನು ಕ್ರೈಸ್ತರೆಂದು ಕರೆದುಕೊಳ್ಳುವವರೇ ಹೀಗೆ ಮಾಡುತ್ತಾರಲ್ಲ ಎಂದು ಕುದಿದರು.

ಆ ಕಾಲದ ಇಂಗ್ಲಿಷ್ ಬೈಬಲುಗಳ ಪುಟದ ಅಂಚಿನಲ್ಲಿ ಸೃಷ್ಟಿಯ ವರ್ಷ ಕ್ರಿಸ್ತಪೂರ್ವ 4004 ಎಂದು ಅಚ್ಚಾಗಿರುತ್ತಿತ್ತು. ಇದು ಬೈಬಲಿನ ಮಾತಲ್ಲ; 1650ರಲ್ಲಿ ಅಶರ್ ಎಂಬ ಪ್ರೊಟೆಸ್ಟೆಂಟ್ ಆರ್ಚ್‌ಬಿಷಪ್ ಮಾಡಿದ ಲೆಕ್ಕ. ಆದರೆ ಜನರು ಅಂಚನ್ನೂ ವಾಕ್ಯವನ್ನೂ ಒಂದಾಗಿ ಓದುತ್ತಿದ್ದರು. ಡಾರ್ವಿನ್ ಆಂಡಿಸ್ ಪರ್ವತದಲ್ಲಿ ಸಾವಿರಾರು ಅಡಿ ಎತ್ತರದಲ್ಲಿ ಕಡಲ ಚಿಪ್ಪುಗಳನ್ನು ಕಂಡರು. 1835ರ ಫೆಬ್ರವರಿ 20ರಂದು ಚಿಲಿಯಲ್ಲಿ ಭೂಕಂಪವಾಗಿ ಕಾನ್ಸೆಪ್ಸಿಯೋನ್ ಪಟ್ಟಣದ ಪ್ರಧಾನ ದೇವಾಲಯ ಉರುಳಿತು. ಪಕ್ಕದ ಸಾಂತಾ ಮರಿಯಾ ದ್ವೀಪದಲ್ಲಿ ಚಿಪ್ಪುಮೀನುಗಳು ಅಂಟಿದ್ದ ಬಂಡೆ ನೀರಿನಿಂದ ಹತ್ತು ಅಡಿ ಮೇಲೆದ್ದು ಕೊಳೆಯುತ್ತಿದ್ದುದನ್ನು ಫಿಟ್ಜ್‌ರಾಯ್ ಅಳೆದರು. ಒಂದು ಭೂಕಂಪಕ್ಕೆ ನೆಲ ಇಷ್ಟು ಏಳುವುದಾದರೆ, ಅಷ್ಟು ದೊಡ್ಡ ಪರ್ವತ ಏಳಲು ಎಷ್ಟು ಕಾಲ ಬೇಕಾಗಿರಬೇಕು? ಆರು ಸಾವಿರ ವರ್ಷ ಸಾಲದು ಎಂಬುದು ಅವರಿಗೆ ಖಚಿತವಾಯಿತು.

ಇಂತಹ ಸಾಕ್ಷಿ ನಮ್ಮ ಕಡಲಿನಲ್ಲೂ ಇದೆ. ಬೀಜಾಡಿಯ ತೀರದಿಂದ ತೆಂಕಕ್ಕೆ ಹೋದರೆ ಮಲ್ಪೆಯ ಎದುರಿಗೆ ಸೇಂಟ್ ಮೇರೀಸ್ ದ್ವೀಪವಿದೆ. ದೇವಮಾತೆಯ ಹೆಸರು ಹೊತ್ತ ಆ ದ್ವೀಪದ ಕಂಬದಂತಹ ಕಲ್ಲುಗಳು, ಮಡಗಾಸ್ಕರ್ ನೆಲ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಹರಿದ ಲಾವಾರಸ ತಣಿದು ಆದವು; ಅವುಗಳ ವಯಸ್ಸು ಸುಮಾರು 8 ಕೋಟಿ 80 ಲಕ್ಷ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಲ್ಲಿಗೆ ವಿಹಾರಕ್ಕೆ ಹೋಗುವ ನಮ್ಮ ಮಕ್ಕಳಿಗೆ ಇದನ್ನು ಮರೆಮಾಚುವ ಅಗತ್ಯವಿಲ್ಲ.

ಊರಿಗೆ ಮರಳಿದ ಮೇಲೆ ಡಾರ್ವಿನ್ ತಾವು ತಂದ ಹಕ್ಕಿ, ಪ್ರಾಣಿ, ಎಲುಬುಗಳನ್ನು ಕುರಿತು ಆಲೋಚಿಸಿದರು. 1838ರಲ್ಲಿ ಅವರಿಗೆ ಒಂದು ಸೂತ್ರ ಹೊಳೆಯಿತು. ನಮ್ಮ ಕಡಲಿನ ಬಂಗುಡೆ ಸಾವಿರಾರು ಮೊಟ್ಟೆ ಇಡುತ್ತದೆ. ಎಲ್ಲವೂ ಬದುಕಿದರೆ ಕಡಲೇ ಸಾಲದು. ಬದುಕುವವು ಕೆಲವೇ. ಮರಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಣ್ಣ ವ್ಯತ್ಯಾಸಗಳಿರುತ್ತವೆ. ಬದುಕಲು ಅನುಕೂಲವಾದ ವ್ಯತ್ಯಾಸವುಳ್ಳವು ಹೆಚ್ಚಾಗಿ ಉಳಿದು ಮರಿಮಾಡುತ್ತವೆ. ಆ ಗುಣ ಮುಂದಿನ ತಲೆಮಾರಿಗೆ ಹೋಗುತ್ತದೆ. ರೈತ ಒಳ್ಳೆಯ ತೆನೆಯನ್ನೇ ಆರಿಸಿ ಬೀಜಕ್ಕೆ ಇಡುವಂತೆ ಪ್ರಕೃತಿಯೂ ಆರಿಸುತ್ತದೆ. ಇದನ್ನೇ ಅವರು ಪ್ರಕೃತಿಯ ಆಯ್ಕೆ ಎಂದರು. ಪೇಲಿಯವರ ಗಡಿಯಾರದ ವಾದ ಇಲ್ಲಿ ಅಲುಗಿತು.

ಎಮ್ಮಾ ಬರೆದ ಪತ್ರ

ವಿಶ್ವಾಸ ಒಂದೇ ದಿನದಲ್ಲಿ ಹೋಗಲಿಲ್ಲ. 1836ರಿಂದ 1839ರವರೆಗೆ ಅವರು ಧರ್ಮದ ಬಗ್ಗೆ ಬಹಳ ಯೋಚಿಸಿದರು. ಹಳೆಯ ಒಡಂಬಡಿಕೆಯನ್ನು ಚರಿತ್ರೆಯಾಗಿ ಓದಲು ಆಗಲಿಲ್ಲ. ಪ್ರಕೃತಿಯ ನಿಯಮಗಳು ದೃಢವಾಗಿವೆಯೆಂದು ತಿಳಿದಷ್ಟೂ ಅದ್ಭುತಗಳನ್ನು ನಂಬುವುದು ಕಷ್ಟವಾಯಿತು. ಶುಭಸಂದೇಶಗಳನ್ನು ಸಮರ್ಥಿಸುವ ಹಳೆಯ ಓಲೆಗಳು ಎಲ್ಲಾದರೂ ಸಿಕ್ಕಬಾರದೇ ಎಂದು ಹಗಲುಗನಸು ಕಾಣುತ್ತಿದ್ದರಂತೆ. ಅವರಿಗೆ ವಿಶ್ವಾಸ ಬಿಡುವ ಆಸೆಯಿರಲಿಲ್ಲ. ಅದು ಕೈಯಿಂದ ಜಾರಿಹೋಗುತ್ತಿತ್ತು.

ಈ ಹೊತ್ತಿನಲ್ಲೇ ಅವರು ತಾಯಿಯ ತಮ್ಮನ ಮಗಳಾದ ಎಮ್ಮಾ ವೆಜ್‌ವುಡ್ ಅವರನ್ನು ಮದುವೆಯಾಗಲು ಬಯಸಿದರು. ಸಂಶಯಗಳನ್ನು ಹೆಂಡತಿಗೆ ಹೇಳಬೇಡ, ಗಂಡನ ಆತ್ಮದ ಚಿಂತೆಯಲ್ಲಿ ಆಕೆ ನರಳುತ್ತಾಳೆ ಎಂದು ತಂದೆ ಬುದ್ಧಿ ಹೇಳಿದ್ದರು. ಚಾರ್ಲ್ಸ್ ಅದನ್ನು ಕೇಳಲಿಲ್ಲ. ಮದುವೆಗೆ ಮೊದಲೇ ಎಲ್ಲವನ್ನೂ ಹೇಳಿಬಿಟ್ಟರು. 1832ರಲ್ಲಿ ಪ್ರೀತಿಯ ಅಕ್ಕ ಫ್ಯಾನಿಯನ್ನು ಕಳೆದುಕೊಂಡಿದ್ದ ಎಮ್ಮಾ ಅವರಿಗೆ, ಪರಲೋಕದಲ್ಲಿ ಮತ್ತೆ ಸೇರುವೆವೆಂಬ ನಂಬಿಕೆಯೇ ಬದುಕಿನ ಆಧಾರವಾಗಿತ್ತು. ಗಂಡನಾಗುವವರು ಆ ನಂಬಿಕೆಯ ಹೊರಗೆ ಉಳಿಯುತ್ತಾರೇನೋ ಎಂಬ ನೋವು ಅವರದು. ಆದರೂ ಆ ಪ್ರಾಮಾಣಿಕತೆಯನ್ನು ಮೆಚ್ಚಿದರು. 1839ರ ಜನವರಿ 29ರಂದು ಮದುವೆಯಾಯಿತು.

ಮದುವೆಯಾದ ಕೆಲವೇ ದಿನಗಳಲ್ಲಿ ಎಮ್ಮಾ ಗಂಡನಿಗೆ ಒಂದು ಪತ್ರ ಬರೆದರು. ಪ್ರಾಮಾಣಿಕವಾಗಿ ಸತ್ಯವನ್ನು ಹುಡುಕುವವರು ತಪ್ಪಿತಸ್ಥರಾಗಲಾರರು ಎಂದು ಒಪ್ಪಿದರು. ಆದರೆ ರುಜುವಾತಿಲ್ಲದೆ ಏನನ್ನೂ ನಂಬದಿರುವ ವಿಜ್ಞಾನದ ಅಭ್ಯಾಸ, ಆ ರೀತಿ ರುಜುವಾತು ಮಾಡಲಾಗದ ವಿಷಯಗಳಿಗೂ ಹರಡಿಬಿಟ್ಟೀತು ಎಂದು ಪ್ರೀತಿಯಿಂದ ಎಚ್ಚರಿಸಿದರು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಆ ಪತ್ರವನ್ನು ಚಾರ್ಲ್ಸ್ ಜೀವಮಾನವಿಡೀ ಜೋಪಾನವಾಗಿಟ್ಟರು. ಅದನ್ನು ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆಂದು ಅದರ ಮೇಲೆಯೇ ಬರೆದಿಟ್ಟರು.

ಆನಿಯ ಮರಣ

1842ರಲ್ಲಿ ದಂಪತಿಗಳು ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಹತ್ತು ಮಕ್ಕಳು ಹುಟ್ಟಿದರು. ಮೂವರು ಚಿಕ್ಕಂದಿನಲ್ಲೇ ತೀರಿಕೊಂಡರು. ಡಾರ್ವಿನ್‌ಗೂ ಸದಾ ಕಾಯಿಲೆ. ಬಂಡೆಗೂ ದೋಣಿಯ ತಳಕ್ಕೂ ಅಂಟಿ ಬೆಳೆಯುವ ಚಿಪ್ಪಿನ ಜೀವಿಗಳನ್ನು, ನಮ್ಮ ಮೀನುಗಾರರು ಕೆರೆದು ಬಿಸಾಡುವಂಥವನ್ನು, ಅವರು ಎಂಟು ವರ್ಷ ಕೂತು ಅಭ್ಯಾಸ ಮಾಡಿದರು.

ಹಿರಿಯ ಮಗಳು ಆನಿ ಎಂದರೆ ತಂದೆಗೆ ಪ್ರಾಣ. ಹತ್ತು ವರ್ಷದ ಆ ಹುಡುಗಿಗೆ ಕಾಯಿಲೆ ಹೆಚ್ಚಾಗಿ, ಚಿಕಿತ್ಸೆಗೆ ಮಾಲ್ವರ್ನ್ ಎಂಬ ಊರಿಗೆ ಕರೆದೊಯ್ದರು. ತುಂಬು ಗರ್ಭಿಣಿಯಾಗಿದ್ದ ಎಮ್ಮಾ ಮನೆಯಲ್ಲೇ ಉಳಿಯಬೇಕಾಯಿತು. ತಂದೆ ಹಾಸಿಗೆಯ ಪಕ್ಕದಲ್ಲಿ ಕುಳಿತು ದಿನದಿನವೂ ತಾಯಿಗೆ ಪತ್ರ ಬರೆದರು. 1851ರ ಏಪ್ರಿಲ್ 23ರಂದು ಆನಿ ಕಣ್ಣುಮುಚ್ಚಿದಳು. ಡಾರ್ವಿನ್ ಸಮಾಧಿಯ ಪ್ರಾರ್ಥನೆಗೂ ನಿಲ್ಲದೆ ಪತ್ನಿಯ ಬಳಿಗೆ ಧಾವಿಸಿದರು. ಮೂರು ವಾರದೊಳಗೆ ಎಮ್ಮಾ ಇನ್ನೊಂದು ಮಗುವನ್ನು ಹೆತ್ತರು.

ಒಂದೇ ಮನೆ, ಒಂದೇ ದುಃಖ. ಎಮ್ಮಾ ಅವರಿಗೆ ಆ ದುಃಖದಲ್ಲಿ ಪರಲೋಕದ ನಿರೀಕ್ಷೆ ಇತ್ತು. ಚಾರ್ಲ್ಸ್‌ಗೆ ಆ ಆಸರೆ ಇರಲಿಲ್ಲ. ಇನ್ನೊಂದು ಹುಳುವಿನ ಜೀವಂತ ದೇಹದೊಳಗೆ ಮೊಟ್ಟೆಯಿಟ್ಟು, ಅದನ್ನು ಒಳಗಿನಿಂದ ತಿನ್ನುತ್ತಾ ಬೆಳೆಯುವ ಕಣಜದ ಜಾತಿಗಳನ್ನು ಅವರು ಬಲ್ಲರು. ಕರುಣಾಮಯಿ ದೇವರು ಇದನ್ನು ಬೇಕೆಂದೇ ಮಾಡಿದರೆಂದು ಒಪ್ಪಲು ಅವರ ಮನಸ್ಸಾಗಲಿಲ್ಲ. ನಂಬದವರೆಲ್ಲ ನಿತ್ಯ ನರಕಕ್ಕೆ ಹೋಗುತ್ತಾರೆಂಬ ಬೋಧನೆ ಅವರನ್ನು ಇನ್ನೂ ಕೆರಳಿಸಿತು. ಹಾಗಿದ್ದರೆ 1848ರಲ್ಲಿ ತೀರಿಕೊಂಡ ತಮ್ಮ ತಂದೆಯ ಗತಿಯೇನು? ಬಡವರನ್ನು ಪ್ರೀತಿಯಿಂದ ನೋಡಿದ ಆ ವೈದ್ಯರನ್ನು ದೇವರು ಎಂದೆಂದಿಗೂ ಸುಡುವರೇ?

ವಾಚಕರೇ, ಇಲ್ಲಿ ಒಂದು ವಿಷಯ ಸ್ಪಷ್ಟ. ಡಾರ್ವಿನ್ ವಿಶ್ವಾಸ ಕಳೆದುಕೊಂಡದ್ದಕ್ಕೆ ಕಲ್ಲು, ಎಲುಬು, ಹಕ್ಕಿಗಳಷ್ಟೇ ಕಾರಣವಲ್ಲ. ಮಗಳ ಹಾಸಿಗೆಯ ಬಳಿ ಕುಳಿತ ಪ್ರತಿಯೊಬ್ಬ ತಂದೆಯ ಪ್ರಶ್ನೆಯೂ ಅದರಲ್ಲಿ ಸೇರಿತ್ತು. ಅದು ಯೋಬನ ಪ್ರಶ್ನೆ.

ಪುಸ್ತಕ ಮತ್ತು ಗದ್ದಲ

ಇಪ್ಪತ್ತು ವರ್ಷ ಅವರು ತಮ್ಮ ಸಿದ್ಧಾಂತವನ್ನು ಪ್ರಕಟಿಸದೆ ಇಟ್ಟುಕೊಂಡರು. 1858ರ ಜೂನ್‌ನಲ್ಲಿ ಆಲ್‌ಫ್ರೆಡ್ ವಾಲೇಸ್ ಎಂಬ ವಿಜ್ಞಾನಿ ಅದೇ ವಿಚಾರವನ್ನು ಬರೆದು ಅವರಿಗೇ ಕಳುಹಿಸಿದರು. ಇಬ್ಬರ ಬರಹಗಳನ್ನೂ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಯಿತು. ಡಾರ್ವಿನ್ ಅಲ್ಲಿರಲಿಲ್ಲ. ಮೂರು ದಿನ ಮೊದಲು ಅವರ ಒಂದೂವರೆ ವರ್ಷದ ಕಿರಿಯ ಮಗ ಜ್ವರದಿಂದ ತೀರಿಕೊಂಡಿದ್ದ.

ಜೀವಜಾತಿಗಳ ಉಗಮದ ಬಗೆಗಿನ ಅವರ ಪುಸ್ತಕ 1859ರ ನವೆಂಬರ್ 24ರಂದು ಹೊರಬಂತು. ಮೊದಲ ಮುದ್ರಣದ 1250 ಪ್ರತಿಗಳು ಅಂಗಡಿಗಾರರಿಗೆ ಒಡನೆ ಖರ್ಚಾದವು. 1860ರ ಜೂನ್ 30ರಂದು ಆಕ್ಸ್‌ಫರ್ಡ್‌ನಲ್ಲಿ ಆಂಗ್ಲಿಕನ್ ಬಿಷಪ್ ವಿಲ್ಬರ್‌ಫೋರ್ಸ್ ಅದನ್ನು ಖಂಡಿಸಿದರು. ಆದರೆ ಕ್ರೈಸ್ತರೆಲ್ಲರೂ ವಿರೋಧಿಸಲಿಲ್ಲ. ಪಾದ್ರಿ ಚಾರ್ಲ್ಸ್ ಕಿಂಗ್ಸ್‌ಲಿ ಇದರಲ್ಲಿ ದೇವರ ಇನ್ನೂ ದೊಡ್ಡ ಮಹಿಮೆಯನ್ನು ಕಂಡರು. ಅಮೆರಿಕದಲ್ಲಿ ಆ ಪುಸ್ತಕದ ಪರವಾಗಿ ನಿಂತ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಭಕ್ತ ಕ್ರೈಸ್ತರು. ನಮ್ಮ ಧರ್ಮಸಭೆಯ ನಿಷಿದ್ಧ ಗ್ರಂಥಗಳ ಪಟ್ಟಿಯಲ್ಲಿ ಈ ಪುಸ್ತಕ ಎಂದೂ ಸೇರಲಿಲ್ಲ.

ಹಳ್ಳಿಯ ನೆರೆಯವರು

ಭಾನುವಾರ ಎಮ್ಮಾ ಮಕ್ಕಳೊಡನೆ ದೇವಾಲಯಕ್ಕೆ ಹೋಗುತ್ತಿದ್ದರು. ಡಾರ್ವಿನ್ ಕ್ರಮೇಣ ಒಳಗೆ ಹೋಗುವುದನ್ನು ನಿಲ್ಲಿಸಿದರು. ಆದರೂ ಆ ಧರ್ಮಕೇಂದ್ರದ ಪಾದ್ರಿ ಇನ್ನೆಸ್ ಅವರಿಗೆ ಆಪ್ತ ಸ್ನೇಹಿತರು. ಬಡವರಿಗೆ ಕಲ್ಲಿದ್ದಲು, ಬಟ್ಟೆ ಒದಗಿಸುವ ಸಂಘದ ಲೆಕ್ಕಪತ್ರವನ್ನು ಡಾರ್ವಿನ್ ನೋಡಿಕೊಂಡರು. ಕೂಲಿಕಾರರ ಉಳಿತಾಯ ಸಂಘಕ್ಕೆ ವರ್ಷಗಟ್ಟಲೆ ಖಜಾಂಚಿಯಾಗಿದ್ದರು. ದಕ್ಷಿಣ ಅಮೆರಿಕದ ಮಿಷನರಿ ಸಂಸ್ಥೆಗೆ ಚಂದಾ ಕಳುಹಿಸಿದರು. ಪಾದ್ರಿಗೂ ಅವರಿಗೂ ಮತಭೇದವಿತ್ತು, ಮನಸ್ತಾಪವಿರಲಿಲ್ಲ.

ತಾವು ನಾಸ್ತಿಕರೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. ದೇವರು ಇದ್ದಾರೋ ಇಲ್ಲವೋ ತಮಗೆ ತಿಳಿಯದು ಎಂಬ ಅಜ್ಞೇಯತಾವಾದವೇ ತಮ್ಮ ನಿಲುವೆಂದು 1879ರಲ್ಲಿ ಬರೆದರು. 1881ರಲ್ಲಿ ಎರೆಹುಳುಗಳ ಮೇಲಿನ ಕೊನೆಯ ಪುಸ್ತಕ ಬಂತು. 1882ರ ಏಪ್ರಿಲ್ 19ರಂದು ಎಮ್ಮಾ ಅವರ ಆರೈಕೆಯಲ್ಲಿ ತೀರಿಕೊಂಡರು. ಅವರ ದೇಹವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿಯೇ ಸಮಾಧಿ ಮಾಡಲಾಯಿತು.

ಡಾರ್ವಿನ್ ಮರಣಶಯ್ಯೆಯಲ್ಲಿ ಬೈಬಲ್ ಹಿಡಿದು ಪಶ್ಚಾತ್ತಾಪಪಟ್ಟರೆಂಬ ಕತೆಯನ್ನು ಕೆಲವರು ಕೇಳಿರಬಹುದು. ಅದು 1915ರಲ್ಲಿ ಅಮೆರಿಕದ ಒಂದು ಧಾರ್ಮಿಕ ಪತ್ರಿಕೆಯಲ್ಲಿ ಬಂದದ್ದು. ಕೊನೆಯ ಗಳಿಗೆಯಲ್ಲಿ ಬಳಿಯಿದ್ದ ಮಗಳು ಹೆನ್ರಿಯೆಟಾ ಅದು ನಿಜವಲ್ಲವೆಂದು 1922ರಲ್ಲಿ ಪ್ರಕಟಿಸಿದರು. ಇಂತಹ ಕತೆಗಳಿಂದ ವಿಶ್ವಾಸವನ್ನು ಕಾಪಾಡಲು ಹೋಗಬಾರದು. ಸತ್ಯವೇ ಆದ ದೇವರಿಗೆ ನಮ್ಮ ಸುಳ್ಳಿನ ಸಹಾಯ ಬೇಕಿಲ್ಲ.

ಧರ್ಮಸಭೆಯ ಬೋಧನೆ

ಆದಿಕಾಂಡದ ದಿನಗಳನ್ನು ಗಡಿಯಾರದ ದಿನಗಳಂತೆ ಓದಬೇಕಾಗಿಲ್ಲವೆಂದು ಸಂತ ಅಗಸ್ಟೀನರು ಐದನೆಯ ಶತಮಾನದ ಆರಂಭದಲ್ಲೇ ಯೋಚಿಸಿದ್ದರು. ಪ್ರಕೃತಿಯ ವಿಷಯದಲ್ಲಿ ಕ್ರೈಸ್ತರು ತಿಳಿಯದೆ ಮಾತನಾಡಿ ಬೈಬಲನ್ನು ನಗೆಪಾಟಲು ಮಾಡಬಾರದೆಂದು ಎಚ್ಚರಿಸಿದ್ದರು. ಡಾರ್ವಿನ್‌ಗೆ ತಿಳಿಯದೆ ಹೋದ ಆನುವಂಶಿಕತೆಯ ನಿಯಮಗಳನ್ನು 1866ರಲ್ಲಿ ಪ್ರಕಟಿಸಿದವರು ಅಗಸ್ಟೀನಿಯನ್ ಸಭೆಯ ಧರ್ಮಗುರು ಗ್ರೆಗರ್ ಮೆಂಡೆಲ್. ಪೋಪ್ ಹನ್ನೆರಡನೆಯ ಪಿಯುಸ್ 1950ರಲ್ಲಿ, ಆತ್ಮವನ್ನು ದೇವರೇ ಸೃಷ್ಟಿಸುತ್ತಾರೆಂಬುದನ್ನು ಬಿಡದೆ, ಮಾನವ ದೇಹದ ವಿಕಾಸದ ಬಗ್ಗೆ ಸಂಶೋಧನೆ ಮಾಡಬಹುದೆಂದರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಪವಿತ್ರ ಗ್ರಂಥದ ಲೇಖಕರು ಬಳಸಿದ ಸಾಹಿತ್ಯ ಪ್ರಕಾರಗಳನ್ನು ಗಮನಿಸಿ ಓದಬೇಕೆಂದು ಕಲಿಸಿತು. 1996ರ ಅಕ್ಟೋಬರ್ 22ರಂದು ಪೋಪ್ ಎರಡನೆಯ ಜಾನ್ ಪಾಲ್, ವಿಕಾಸವಾದವು ಬರಿಯ ಊಹೆಗಿಂತ ಹೆಚ್ಚಿನದು ಎಂದು ಒಪ್ಪಿದರು. ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನು ಅರಿಯದೆ, ಪ್ರಾಮಾಣಿಕ ಮನಸ್ಸಿನಿಂದ ಬಾಳಿದವರಿಗೂ ರಕ್ಷಣೆ ಸಾಧ್ಯವೆಂದು 1964ರಲ್ಲಿ ಅದೇ ಮಹಾಸಭೆ ಸಾರಿತ್ತು.

ಇವೆಲ್ಲ ಗೊತ್ತಿದ್ದರೆ ಡಾರ್ವಿನ್ ವಿಶ್ವಾಸಿಯಾಗಿಯೇ ಉಳಿಯುತ್ತಿದ್ದರೇ? ಹಾಗೆ ಹೇಳಲು ಯಾರಿಂದಲೂ ಆಗದು. ಆನಿಯ ಮರಣಕ್ಕೆ ಯಾವ ವಿಶ್ವಪತ್ರದಲ್ಲೂ ಸುಲಭದ ಉತ್ತರವಿಲ್ಲ.

ನಮ್ಮ ಕುಟುಂಬಗಳಿಗೆ

ಬೀಜಾಡಿಗೆ ಹತ್ತಿರದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಬಾಲಪ್ರಪಂಚ, ವಿಜ್ಞಾನಪ್ರಪಂಚಗಳನ್ನು ಬರೆದು ವಿಜ್ಞಾನವನ್ನು ಕನ್ನಡದ ಮನೆಮನೆಗೆ ತಂದರು. ಮಕ್ಕಳು ಇಂತಹ ಪುಸ್ತಕಗಳನ್ನು ಓದಲಿ. ಅವರ ಕೈಯಿಂದ ಜೀವಶಾಸ್ತ್ರದ ಪುಸ್ತಕವನ್ನು ಕಸಿದುಕೊಂಡರೆ ಅವರಲ್ಲಿ ವಿಶ್ವಾಸ ಬೆಳೆಯುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ನಾವೇ ಹೇಳಿದರೆ, ಕಣ್ಣಿಗೆ ಕಾಣುವುದನ್ನೇ ಅವರು ಆರಿಸಿಕೊಂಡಾರು. ಸೃಷ್ಟಿ ಹೇಗಾಯಿತೆಂಬುದನ್ನು ಶಾಲೆಯ ಪಾಠ ತಿಳಿಸುತ್ತದೆ. ಯಾರಿಂದ, ಯಾತಕ್ಕಾಗಿ ಎಂಬುದನ್ನು ಆದಿಕಾಂಡ ತಿಳಿಸುತ್ತದೆ ಎಂದು ಬಿಡಿಸಿ ಹೇಳೋಣ. ನಮಗೆ ತಿಳಿಯದಿದ್ದರೆ ತಿಳಿಯದೆನ್ನೋಣ. ಧರ್ಮಗುರುಗಳನ್ನೋ ವಿಜ್ಞಾನದ ಅಧ್ಯಾಪಕರನ್ನೋ ಒಟ್ಟಿಗೆ ಹೋಗಿ ಕೇಳೋಣ.

ಮನೆಯಲ್ಲಿ ಯಾರಿಗಾದರೂ ವಿಶ್ವಾಸ ಕುಂದಿದರೆ, ಎಮ್ಮಾ ನಡೆದ ದಾರಿ ನಮ್ಮೆದುರಿಗಿದೆ. ಅವರು ತಮ್ಮ ನಂಬಿಕೆಯನ್ನೂ ಬಿಡಲಿಲ್ಲ, ಗಂಡನನ್ನೂ ದೂರ ಮಾಡಲಿಲ್ಲ. ಗಂಡ ದೇವಾಲಯದ ಹೊರಗೆ ಉಳಿದ ಭಾನುವಾರಗಳಲ್ಲಿ ಒಳಗೆ ಮೊಣಕಾಲೂರಿದರು. 1896ರ ಅಕ್ಟೋಬರ್ 2ರಂದು ತೀರಿಕೊಳ್ಳುವವರೆಗೂ, ಮರಣದ ಆಚೆ ಅವರನ್ನು ಮತ್ತೆ ಕಾಣುವ ಆಸೆಯನ್ನು ಎದೆಯಲ್ಲಿಟ್ಟುಕೊಂಡೇ ಬಾಳಿದರು. ಆ ಆಸೆ ಈಡೇರಿತೋ ಇಲ್ಲವೋ ದೇವರೇ ಬಲ್ಲರು. ತೀರ್ಪು ಅವರದು, ನಮ್ಮದಲ್ಲ.